ಕಂಪ್ಯೂಟರ್ ಇದ್ದರೂ ಗಣಿತದ ಪ್ರೊಫೆಸರ್ ಒಂದೇ ಸಮೀಕರಣದ ಹಿಂದೆ ವರ್ಷಗಟ್ಟಲೆ ಯಾಕೆ ಬೀಳ್ತಾರೆ?

ಓದುಗರ ಪ್ರಶ್ನೆ: ನಾನ್‌ಲೀನಿಯರ್ ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಶನ್ ಮೇಲೆ ಸಂಶೋಧನೆ ಅಂದ್ರೆ ಅದನ್ನ ಬಿಡಿಸೋದಾ? ಅದನ್ನ ಕಂಪ್ಯೂಟರ್ ಮಾಡಲ್ವಾ?

ಬಿಡಿಸೋದಲ್ಲ. ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಶನ್ ಅಂದ್ರೆ ಶಾಖ, ಅಲೆ, ಹರಿವಿನಂಥದ್ದು ಜಾಗದಿಂದ ಜಾಗಕ್ಕೆ, ಗಳಿಗೆಯಿಂದ ಗಳಿಗೆಗೆ ಹೇಗೆ ಬದಲಾಗುತ್ತೆ ಅಂತ ಹೇಳೋ ಸಮೀಕರಣ. ನಾನ್‌ಲೀನಿಯರ್ ಆದ ಇಂಥ ಸಮೀಕರಣಗಳಲ್ಲಿ ಹೆಚ್ಚಿನವಕ್ಕೆ ಉತ್ತರವನ್ನು ಸೂತ್ರವಾಗಿ ಬರೆಯೋಕೆ ಬರೋದೇ ಇಲ್ಲ. ಸಂಶೋಧಕರು ಕೇಳೋದು ಬೇರೆ: ಉತ್ತರ ಅನ್ನೋದು ಇದೆಯಾ, ಒಂದೇ ಇದೆಯಾ, ಅದು ಎಲ್ಲ ಕಡೆ ನಯವಾಗಿದೆಯಾ ಅಥವಾ ಎಲ್ಲಾದರೂ ಮುರಿಯುತ್ತಾ? ಕಂಪ್ಯೂಟರ್ ಆಯ್ದ ಬಿಂದುಗಳಲ್ಲಿ ಅಂಕಿ ಕೊಡುತ್ತೆ. ಎರಡು ಬಿಂದುಗಳ ನಡುವೆ ಏನೋ ಮುರಿದಿದ್ದರೆ ಅದಕ್ಕೆ ಗೊತ್ತಾಗದೇ ಹೋಗಬಹುದು.

ಮೊದಲು ನಾನ್‌ಲೀನಿಯರ್ ಅಂದ್ರೇನು ನೋಡೋಣ. ಕೆರೆಗೆ ಎರಡು ಕಲ್ಲು ಹಾಕಿ. ಸಣ್ಣ ಅಲೆಗಳು ಒಂದನ್ನೊಂದು ದಾಟಿ ತಮ್ಮ ಪಾಡಿಗೆ ಹೋಗುತ್ತವೆ. ಎರಡನ್ನೂ ಕೂಡಿಸಿದರೆ ಲೆಕ್ಕ ಆಯ್ತು. ಅದು ಲೀನಿಯರ್. ಮಲ್ಪೆಯ ದಡಕ್ಕೆ ಬರುವ ದೊಡ್ಡ ಅಲೆ ಹಾಗಲ್ಲ, ಅದರ ನೆತ್ತಿ ಬುಡಕ್ಕಿಂತ ಜೋರಾಗಿ ಸಾಗಿ, ಮುಂದಕ್ಕೆ ಬಾಗಿ, ಕೊನೆಗೆ ಮುರಿದು ಬೀಳುತ್ತೆ. ಅಲೆಯ ಎತ್ತರವೇ ಅದರ ವೇಗವನ್ನು ಬದಲಿಸ್ತಾ ಇರುತ್ತೆ. ಇದು ನಾನ್‌ಲೀನಿಯರ್.

ಈ ಕೆಲಸ ಹೇಗಿರುತ್ತೆ ಅಂತ ತೋರಿಸೋಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಲೂಯಿಸ್ ಕಫರೆಲಿ ಅವರದ್ದು. 1948ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಪ್ರೊಫೆಸರ್, ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಏಬೆಲ್ ಪ್ರಶಸ್ತಿ 2023ರಲ್ಲಿ ಅವರಿಗೆ ಬಂತು. ಅವರು ಹಿಡಿದ ಒಂದು ಪ್ರಶ್ನೆ ನೋಡಿ. ಒಂದು ಗುಂಡನೆಯ ಉಬ್ಬಿನ ಮೇಲೆ ತೆಳುವಾದ ರಬ್ಬರ್ ಹಾಳೆಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದೀರಿ ಅಂದುಕೊಳ್ಳಿ. ಕೆಲವು ಕಡೆ ಹಾಳೆ ಉಬ್ಬಿಗೆ ಅಂಟಿದೆ, ಉಳಿದ ಕಡೆ ಗಾಳಿಯಲ್ಲಿದೆ. ಈ ಎರಡರ ನಡುವಿನ ಗಡಿ ಎಲ್ಲಿ ಬರುತ್ತೆ ಅಂತ ಮೊದಲೇ ಯಾರೂ ಹೇಳಿಕೊಟ್ಟಿಲ್ಲ, ಹಾಳೆಯ ಆಕಾರದ ಜೊತೆಗೆ ಅದನ್ನೂ ನಾವೇ ಹುಡುಕಬೇಕು. ನೀರಿನಲ್ಲಿ ಕರಗ್ತಾ ಇರೋ ಐಸ್‌ನ ಅಂಚೂ ಇಂಥದ್ದೇ, ಅದು ಗಳಿಗೆಗೊಂದು ಕಡೆ ಸರಿಯುತ್ತೆ ಅಷ್ಟೇ.

ಆ ಗಡಿ ನಯವಾದ ಗೆರೆಯೋ, ಹರಿದ ಅಂಚಿನ ಥರ ಅಂಕುಡೊಂಕೋ? ಕಫರೆಲಿ ಗಡಿಯ ಒಂದು ಬಿಂದುವನ್ನು ಹಿಡಿದು ಅಲ್ಲಿ ಹಿಗ್ಗಿಸ್ತಾ ಹೋದರು, ಫೋಟೋ ಝೂಮ್ ಮಾಡ್ತೀವಲ್ಲ, ಹಾಗೆ, ಕೊನೆಯೇ ಇಲ್ಲದಂತೆ. ಹಿಗ್ಗಿಸಿದಷ್ಟೂ ಚಿತ್ರ ಸರಳವಾಗುತ್ತೆ, ಕೊನೆಗೆ ಉಳಿಯೋದು ಎರಡೇ ಸಾಧ್ಯತೆ. ಒಂದರಲ್ಲಿ ಅರ್ಧ ಭಾಗ ಅಂಟಿದೆ, ಅರ್ಧ ಬಿಟ್ಟಿದೆ, ನಡುವೆ ನೇರ ಗೆರೆ. ಇನ್ನೊಂದರಲ್ಲಿ ಅಂಟಿದ ಜಾಗ ಸಣಕಲಾಗಿ ಬರೀ ಎಳೆಯೋ ಚುಕ್ಕಿಯೋ ಆಗಿರುತ್ತೆ. ಮೊದಲನೆಯದಾದರೆ ಅಲ್ಲಿ ಗಡಿ ನಯವಾಗಿದೆ ಅಂತ 1977ರಲ್ಲೇ ಸಾಧಿಸಿದರು. ಅಷ್ಟೊಂದು ಗೋಜಲಿನಿಂದ ಎರಡೇ ಚಿತ್ರ ಹೊರಬಂದವು ಅಲ್ವಾ, ಅದು ನನಗೆ ಇವತ್ತಿಗೂ ಬೆರಗು.

ನೀರಿನ ಹರಿವಿನ ನೇವಿಯರ್-ಸ್ಟೋಕ್ಸ್ ಸಮೀಕರಣದಲ್ಲಂತೂ ಕಷ್ಟ ಇನ್ನೂ ಜಾಸ್ತಿ. ಮೂರು ಆಯಾಮದ ಹರಿವಿನಲ್ಲಿ ವೇಗ ಎಲ್ಲಾದರೂ ಅನಂತಕ್ಕೆ ಚಿಮ್ಮುತ್ತಾ? ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಇದಕ್ಕೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು. ಅದಕ್ಕೂ ಮುಂಚೆ, 1982ರಲ್ಲಿ, ಕಫರೆಲಿ, ರಾಬರ್ಟ್ ಕೋನ್, ಲೂಯಿಸ್ ನೀರೆನ್‌ಬರ್ಗ್ ಸೇರಿ ಒಂದು ಮಾತು ಸಾಧಿಸಿದ್ದರು: ಹಾಗೆ ಕೆಡುವ ಜಾಗಗಳು ಇದ್ದರೂ ಎಷ್ಟು ಕಮ್ಮಿ ಅಂದ್ರೆ, ಎಲ್ಲ ಸೇರಿದರೂ ಒಂದು ಗೆರೆಯಷ್ಟೂ ಆಗಲ್ಲ. ಅಷ್ಟು ಚೂರೂ ಇಲ್ಲ ಅಂತ ಇನ್ನೂ ಯಾರಿಗೂ ತೋರಿಸೋಕೆ ಆಗಿಲ್ಲ.