ಕ್ಯಾಲ್ಸಿಯಂ ಮಾತ್ರೆ: ವಯಸ್ಸಾದವರೆಲ್ಲರಿಗೂ ಬೇಕೆ?

ಮಹಿಳೆಯರಿಗೆ ದಿನಕ್ಕೆ 1,000ರಿಂದ 1,500 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು 1984ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಹೇಳಿತು. ಮೂಳೆ ಸವೆತಕ್ಕೆ ಮಾತ್ರೆಯೇ ಪರಿಹಾರವೆಂಬ ನಂಬಿಕೆ ಬೆಳೆದದ್ದು ಆ ಕಾಲದಲ್ಲಿ. 1992ರ ಫ್ರಾನ್ಸಿನ ಅಧ್ಯಯನ ಅದಕ್ಕೆ ಬಲ ಕೊಟ್ಟಿತು. ವೃದ್ಧಾಶ್ರಮಗಳಲ್ಲಿದ್ದ, ಸರಾಸರಿ 84 ವರ್ಷದ 3,270 ಮಹಿಳೆಯರು ಅದರಲ್ಲಿದ್ದರು. ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ, 800 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ ತೆಗೆದುಕೊಂಡು 18 ತಿಂಗಳು ಪೂರೈಸಿದವರಲ್ಲಿ ಸೊಂಟದ ಮೂಳೆ ಮುರಿತ ಶೇ 43ರಷ್ಟು ಕಡಿಮೆಯಾಗಿತ್ತು.

ಆದರೆ ಅವರ ಊಟದಲ್ಲಿ ಸಿಗುತ್ತಿದ್ದ ಕ್ಯಾಲ್ಸಿಯಂ ಸುಮಾರು 500 ಮಿ.ಗ್ರಾಂ. ಮಾತ್ರ, ವಿಟಮಿನ್ ಡಿ ಕೊರತೆಯೂ ಇತ್ತು. ಮುಂದಿನ ಗೊಂದಲಕ್ಕೆಲ್ಲ ಕಾರಣ ಈ ಅಂಶ ಮರೆತುಹೋದದ್ದು. 2006ರಲ್ಲಿ ಪ್ರಕಟವಾದ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ 36,282 ಮಹಿಳೆಯರು ಮೊದಲೇ ಸರಾಸರಿ 1,100 ಮಿ.ಗ್ರಾಂ. ಮೀರಿ ಪಡೆಯುತ್ತಿದ್ದರು. ಅದರ ಮೇಲೆ ಇನ್ನೂ 1,000 ಮಿ.ಗ್ರಾಂ. ಕೊಟ್ಟಾಗ ಸೊಂಟದ ಮೂಳೆಯ ಸಾಂದ್ರತೆ ಶೇ 1ರಷ್ಟು ಹೆಚ್ಚಿತು. ಮುರಿತ ತಗ್ಗಿದ್ದು ಖಚಿತವಾಗಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಾಯಿತು. ತುಂಬಿದ ಕೊಡಕ್ಕೆ ನೀರು ಸುರಿದರೆ ಚೆಲ್ಲದೆ ಇನ್ನೇನಾದೀತು?

ಮಾತ್ರೆಯಿಂದ ಹೃದಯಾಘಾತ ಹೆಚ್ಚಬಹುದೆಂದು 2008ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಎಚ್ಚರಿಸಿದರು. ನಂತರದ ಕೆಲವು ವಿಶ್ಲೇಷಣೆಗಳು ಇದನ್ನು ಒಪ್ಪಲಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲ. 2018ರಲ್ಲಿ ಅಮೆರಿಕದ ರೋಗತಡೆ ಕಾರ್ಯಪಡೆ, ತಮ್ಮ ಮನೆಯಲ್ಲಿ ವಾಸಿಸುವ, ಮೂಳೆ ಸವೆತವಿಲ್ಲದ ಮಹಿಳೆಯರು ಋತುಬಂಧದ ನಂತರ ಮುರಿತ ತಡೆಯಲೆಂದು 1,000 ಮಿ.ಗ್ರಾಂ.ವರೆಗಿನ ಕ್ಯಾಲ್ಸಿಯಂ ಮತ್ತು 400 ಐಯುವರೆಗಿನ ವಿಟಮಿನ್ ಡಿ ನಿತ್ಯ ನುಂಗುವುದು ಬೇಡವೆಂದಿತು. ಮೂಳೆ ಸವೆತಕ್ಕೆ ಔಷಧ ಪಡೆಯುವವರಿಗೂ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸದು. ಅವರು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಉಳಿದವರು ಮೊದಲು ಊಟದ ಲೆಕ್ಕ ಹಾಕಬೇಕು. 50 ದಾಟಿದ ಮಹಿಳೆಯರಿಗೂ 70 ದಾಟಿದ ಪುರುಷರಿಗೂ ದಿನದ ಗುರಿ 1,200 ಮಿ.ಗ್ರಾಂ.; 250 ಮಿ.ಲೀ. ಹಾಲಿನಲ್ಲೇ ಸುಮಾರು 300 ಸಿಗುತ್ತದೆ. ಊಟದಿಂದ 800 ಬರುತ್ತಿದ್ದರೆ ಕೊರತೆ 400 ಮಾತ್ರ. ಅಂಥವರಿಗೆ ದಿನಕ್ಕೆ 500ರ ಎರಡು ಮಾತ್ರೆ ಅನಗತ್ಯ.

ಮಾತ್ರೆಯ ಪಟ್ಟಿಯ ಮೇಲಿನ ಅಂಕಿಯಲ್ಲಿ ಹಲವರು ಎಡವುತ್ತಾರೆ. 1,250 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಒಂದು ಸಲಕ್ಕೆ 500 ಮೀರಿದರೆ ಹೀರಿಕೆ ಕುಗ್ಗುತ್ತದೆ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ನಿತ್ಯ ಆಸಿಡಿಟಿ ಮಾತ್ರೆ ನುಂಗುವವರಿಗೆ, ಆಮ್ಲವನ್ನು ಅಷ್ಟಾಗಿ ನೆಚ್ಚದ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಮಲಬದ್ಧತೆಯೂ ಅದರಲ್ಲಿ ಕಡಿಮೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಥೈರಾಯ್ಡ್ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ.