ಶಕ ವರ್ಷಕ್ಕೆ 78 ಕೂಡಿಸಿದರೆ ಮುಗಿಯಿತಾ? ಇತಿಹಾಸ–ಗಣಿತ ಪ್ರಾಜೆಕ್ಟ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಏಳನೇ ತರಗತಿ ಮಕ್ಕಳಿಗೆ ಇತಿಹಾಸ ಮತ್ತು ಗಣಿತ ಎರಡನ್ನೂ ಸೇರಿಸಿ ಒಂದು ಪ್ರಾಜೆಕ್ಟ್ ಮಾಡಿಸಬೇಕು. ಗಣಿತಜ್ಞರ ಚಾರ್ಟ್ ಬಿಟ್ಟು ಬೇರೆ ಏನಿದೆ? ಶಾಸನದ ಕಾಲ ಲೆಕ್ಕ ಹಾಕಿಸೋಣ ಅಂದರೆ ಅದರಲ್ಲಿರುವ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ವರ್ಷ ಬಂತು, ಅಲ್ಲಿಗೆ ಆಯಿತು. ಅದರಲ್ಲಿ ಗಣಿತ ಎಲ್ಲಿದೆ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕೇಳುವ ಶಿಕ್ಷಕರು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ತೋರಿಸಿ.

ಚಾರ್ಟ್ ಬೇಡ ಅಂತ ನಿಮಗೇ ಅನಿಸಿದೆಯಲ್ಲ, ಅದು ಸರಿ. ಆರ್ಯಭಟ, ಭಾಸ್ಕರಾಚಾರ್ಯ, ರಾಮಾನುಜನ್ ಚಿತ್ರ ಅಂಟಿಸಿ ಕೆಳಗೆ ಹುಟ್ಟಿದ ವರ್ಷ ಬರೆದರೆ ಇತಿಹಾಸವೂ ಆಗುವುದಿಲ್ಲ, ಗಣಿತವೂ ಆಗುವುದಿಲ್ಲ. ಮಗು ತಾನಾಗಿ ಒಂದು ವಿಷಯ ಪತ್ತೆ ಮಾಡಬೇಕು. ಆ ಪತ್ತೆಗೆ ಲೆಕ್ಕ ಬೇಕೇಬೇಕು ಅನ್ನುವ ಹಾಗಿರಬೇಕು. ನಮ್ಮ ನಾಡಿನಲ್ಲಿ ಅದಕ್ಕೆ ಶಾಸನಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ.

ಶಾಸನ ಎಲ್ಲಿ ಸಿಗುತ್ತದೆ ಅಂತಲೂ ಕೇಳುತ್ತೀರಿ. ಹಳೇ ಮೈಸೂರು ಭಾಗದವರಿಗೆ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮ ಊರಿನ ಸುತ್ತಮುತ್ತಲಿನ ಶಾಸನ ಹುಡುಕುವುದು ಸುಲಭ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ. ಪುಸ್ತಕದಲ್ಲಿ ಕ್ರಿ.ಶ. ವರ್ಷ ಮೊದಲೇ ಅಚ್ಚಾಗಿದ್ದರೆ ಜೆರಾಕ್ಸ್ ಮಾಡುವಾಗ ಅದನ್ನು ಮುಚ್ಚಿಬಿಡಿ. ಉತ್ತರ ಕಂಡರೆ ಮಕ್ಕಳು ಲೆಕ್ಕ ಮಾಡುವುದಿಲ್ಲ.

ಈಗ 78ರ ವಿಷಯ. ಇದು ಅಷ್ಟು ಸುಲಭಕ್ಕೆ ಸಾಯುವ ನಂಬಿಕೆ ಅಲ್ಲ. ಗೈಡ್‌ಗಳಲ್ಲಿದೆ, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ನಲ್ಲಿದೆ. ನಮ್ಮಲ್ಲೇ ಎಷ್ಟೋ ಜನ ಇದನ್ನು ಸೂತ್ರ ಅಂತ ಬೋರ್ಡ್ ಮೇಲೆ ಬರೆದು ಚೌಕ ಹಾಕುತ್ತಾರೆ.

ಅದು ಕೆಲಸ ಮಾಡುವ ಕಡೆ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿ ಶಕ 1039, ಚೈತ್ರ ಮಾಸ ಅಂತಿದೆ. 78 ಕೂಡಿಸಿ, 1117. ಸರಿಯಾಗಿದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ. ಶಕ ವರ್ಷ 500 ಕಳೆದಿತ್ತು, ಕಾರ್ತಿಕ ಹುಣ್ಣಿಮೆ ಅಂತ ಅದು ಹೇಳುತ್ತದೆ. ಕ್ರಿ.ಶ. 578. ಅದೂ ಸರಿ.

ಆದರೆ ಶಕ ವರ್ಷ ಜನವರಿ ಒಂದಕ್ಕೆ ಶುರುವಾಗುತ್ತದಾ? ಯುಗಾದಿಗೆ ಶುರುವಾಗುತ್ತದೆ. ಚೈತ್ರ ಅಂದರೆ ಮಾರ್ಚ್–ಏಪ್ರಿಲ್. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ವರ್ಷ ಬದಲಾಗಿರುತ್ತದೆ. ಶಾಸನದಲ್ಲಿ ಮಾಘ ಮಾಸ ಇದ್ದರೆ 78 ಅಲ್ಲ, 79 ಕೂಡಿಸಬೇಕು. ಪುಷ್ಯ ಮಾಸ ಡಿಸೆಂಬರ್–ಜನವರಿ ಎರಡಕ್ಕೂ ಕಾಲು ಚಾಚುತ್ತದೆ. ಹಾಗಾಗಿ ಮೊದಲ ಸಲ ಮಾಡಿಸುವಾಗ ಪುಷ್ಯದ ಶಾಸನ ಆರಿಸಬೇಡಿ.

ಇನ್ನೊಂದು ತೊಡಕಿದೆ. ಬಾದಾಮಿಯಲ್ಲಿ 500 ವರ್ಷ ಕಳೆದಿತ್ತು ಅಂತಿದೆ. ಅಂದರೆ ಆಗ ನಡೆಯುತ್ತಿದ್ದದ್ದು 501ನೆಯದು. ನಾವು ಮಗುವಿಗೆ ಹನ್ನೆರಡು ತುಂಬಿ ಹದಿಮೂರು ನಡೀತಿದೆ ಅನ್ನುತ್ತೀವಲ್ಲ, ಹಾಗೆಯೇ. ಕೆಲವು ಶಾಸನ ತುಂಬಿದ ವರ್ಷ ಹೇಳುತ್ತವೆ, ಕೆಲವು ನಡೆಯುತ್ತಿರುವ ವರ್ಷ ಹೇಳುತ್ತವೆ. ಯಾವುದು ಅಂತ ಹೇಳದೆ ಬರೀ ಸಂಖ್ಯೆ ಕೊಡುವಂಥವೂ ಇವೆ. ನಡೆಯುತ್ತಿರುವ ವರ್ಷವಾದರೆ ಕೂಡಿಸಬೇಕಾದದ್ದು 77, ಮಾಘದಲ್ಲಾದರೆ 78. ಒಂದೇ ಸೂತ್ರ ಅಂದುಕೊಂಡಿದ್ದು ಈಗ 77, 78, 79 ಆಯಿತು.

ಇದನ್ನು ಮಕ್ಕಳು ನಂಬಬೇಕಾದರೆ ಹಂಪಿಗೆ ಹೋಗಬೇಕು. ಬಸ್ಸಿನಲ್ಲಿ ಹೋಗದಿದ್ದರೂ ಪರವಾಗಿಲ್ಲ, ಕಾಗದದ ಮೇಲೆ ಸಾಕು. ವಿರೂಪಾಕ್ಷ ದೇವಸ್ಥಾನದಲ್ಲಿ ಕೃಷ್ಣದೇವರಾಯನ ಒಂದು ಶಾಸನ ಇದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪ ಮತ್ತು ಗೋಪುರ ಕಟ್ಟಿಸಿದ ಸಂಗತಿ ಅದರಲ್ಲಿದೆ. ಕಾಲ ಹೀಗೆ ಕೊಟ್ಟಿದೆ: ಶಕ ವರ್ಷ 1430 ಸಂದಿದೆ, ಶುಕ್ಲ ಸಂವತ್ಸರ, ಮಾಘ ಶುದ್ಧ 14.

ತರಗತಿಯನ್ನು ಮೂರು ಗುಂಪು ಮಾಡಿ. ಮೊದಲ ಗುಂಪಿಗೆ 1430 ಅನ್ನುವ ಸಂಖ್ಯೆ ಮಾತ್ರ ಕೊಡಿ. ಎರಡನೆಯದಕ್ಕೆ ಸಂಖ್ಯೆ ಮತ್ತು ತಿಂಗಳು ಕೊಡಿ. ಮೂರನೆಯದಕ್ಕೆ ಸಂವತ್ಸರದ ಹೆಸರು ಮತ್ತು ತಿಂಗಳು ಕೊಟ್ಟು, ಶಕ 1430ರ ಹತ್ತಿರದ ವರ್ಷ ಅಂತ ಅಷ್ಟೇ ಹೇಳಿ.

ಮೊದಲ ಗುಂಪು 1508 ಅನ್ನುತ್ತದೆ. ಎರಡನೆಯದು 79 ಕೂಡಿಸಿ 1509ರ ಜನವರಿ–ಫೆಬ್ರವರಿ ಅನ್ನುತ್ತದೆ. ಮೂರನೆಯ ಗುಂಪಿಗೆ ಒಂದು ಸಣ್ಣ ಲೆಕ್ಕ ಹೇಳಿಕೊಡಬೇಕು. ತುಂಬಿದ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಬರುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಪ್ರಭವ 1, ವಿಭವ 2, ಶುಕ್ಲ 3. ಶೇಷ ಸೊನ್ನೆ ಬಂದರೆ ಅರವತ್ತನೆಯದು, ಕ್ಷಯ. ಬೇಲೂರಿನದನ್ನೇ ಪರೀಕ್ಷೆ ಮಾಡಿ: 1039ಕ್ಕೆ 12 ಕೂಡಿಸಿದರೆ 1051, ಶೇಷ 31, ಹೇವಿಳಂಬಿ. ಕರ್ನಾಟಕ ಏಕೀಕರಣ ಆದ 1956ರ ನವೆಂಬರ್‌ಗೆ ಶಕ 1878. ಕೂಡಿಸಿ ಭಾಗಿಸಿದರೆ ಶೇಷ 30, ದುರ್ಮುಖಿ. ಮನೆಯಲ್ಲಿ ಹಳೆಯ ಪಂಚಾಂಗ ಇದ್ದರೆ ತೆಗೆದು ನೋಡಲಿ.

ಈಗ 1430 ಹಾಕಿ. 1442, ಶೇಷ 2. ವಿಭವ ಬಂತು! ಕಲ್ಲಿನ ಮೇಲೆ ಇರುವುದು ಶುಕ್ಲ. ಶೇಷ 3 ಬರಬೇಕಾದರೆ ಶಕ 1431 ಆಗಬೇಕು. ಅದರ ಮಾಘ ಅಂದರೆ 1510ರ ಜನವರಿ.

ಬೋರ್ಡ್ ಮೇಲೆ ಮೂರು ವರ್ಷ ಒಂದರ ಪಕ್ಕ ಒಂದು ಬರೆಯಿರಿ: 1508, 1509, 1510. ಒಂದೇ ಕಲ್ಲು, ಮೂರು ಉತ್ತರ. ಆಗ ತರಗತಿ ಜೋರಾಗುತ್ತದೆ. ಆಗಲಿ ಬಿಡಿ. 1508 ಸುಲಭವಾಗಿ ಬಿದ್ದುಹೋಗುತ್ತದೆ. ತಿಂಗಳು ಗೊತ್ತಾದ ಮೇಲೆ ಅದನ್ನು ಹಿಡಿದುಕೊಳ್ಳಲು ಕಾರಣ ಇಲ್ಲ. ಉಳಿದ ಎರಡು ವರ್ಷ ದೊಡ್ಡವರನ್ನೂ ಕಾಡಿವೆ. ವಿಜಯನಗರದ ಬಗ್ಗೆ 1900ರಲ್ಲಿ ಬರೆದ ರಾಬರ್ಟ್ ಸೀವೆಲ್ ಇದೇ ಶಾಸನ ಹಿಡಿದು, 1509 ಮತ್ತು 1510 ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ ಅಂದ. ನನ್ನ ಒಲವು 1510ರ ಕಡೆ. ಸಂವತ್ಸರದ ಹೆಸರು ದಿನಾ ಸಂಕಲ್ಪದಲ್ಲಿ ಬಾಯಿಗೆ ಬರುವಂಥದ್ದು. ನಾಲ್ಕು ಅಂಕಿಯ ವರ್ಷದಲ್ಲಿ ಒಂದು ಹೆಚ್ಚುಕಡಿಮೆ ಆಗುವುದು ಅದಕ್ಕಿಂತ ಸುಲಭ. ನಿಮ್ಮ ವಿದ್ಯಾರ್ಥಿ ಬೇರೆ ಕಾರಣ ಕೊಟ್ಟು 1509 ಅಂದರೆ ಅದಕ್ಕೂ ಪೂರ್ತಿ ಅಂಕ ಕೊಡಿ. ಕಾರಣ ಕೊಡದೆ ಬರೀ ವರ್ಷ ಬರೆದರೆ ಕೊಡಬೇಡಿ.

78 ಕೂಡಿಸಿದರೆ ಮುಗಿಯಿತು ಅನ್ನುವವರು ಈ ಗಲಾಟೆಯನ್ನೇ ಮಕ್ಕಳಿಂದ ಕಸಿದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಕೂಡುವ ಲೆಕ್ಕ ಮೂರನೇ ತರಗತಿಯದು. ಯಾವ ಸಂಖ್ಯೆ ಕೂಡಬೇಕು, ಯಾಕೆ ಕೂಡಬೇಕು, ಬಂದ ಉತ್ತರ ಇನ್ನೊಂದು ದಾರಿಯಲ್ಲೂ ಬರುತ್ತದಾ ಅಂತ ನೋಡುವುದು ಏಳನೇ ತರಗತಿಯ ಕೆಲಸ. ಇತಿಹಾಸಕಾರರು ಮಾಡುವುದೂ ಇದನ್ನೇ.

ಇನ್ನೊಂದು ದಾರಿ ಅಂದೆನಲ್ಲ, ಅದಕ್ಕೆ ಐಹೊಳೆ ಇದೆ. ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಎರಡನೇ ಪುಲಕೇಶಿಯ ಶಾಸನದಲ್ಲಿ ಕಾಲ ಎರಡು ಸಲ ಬರುತ್ತದೆ. ಭಾರತ ಯುದ್ಧದಿಂದ 3735 ವರ್ಷ, ಶಕ 556. ಶಕದ ದಾರಿಯಲ್ಲಿ 634 ಬರುತ್ತದೆ. ಯುದ್ಧದಿಂದ ಎಣಿಸಿದ ಆ ವರ್ಷಗಳನ್ನು ಕಲಿಯುಗದ ಎಣಿಕೆ ಅಂತಲೇ ತಿಳಿಯುತ್ತಾರೆ. ಸಂಪ್ರದಾಯದ ಪ್ರಕಾರ ಕಲಿಯುಗ ಶುರುವಾದದ್ದು ಕ್ರಿ.ಪೂ. 3102ರಲ್ಲಿ. 3735ರಿಂದ 3102 ಕಳೆಯಿರಿ. 633! ಒಂದು ಎಲ್ಲಿ ಹೋಯಿತು? ಸಂಖ್ಯಾರೇಖೆ ಎಳೆಸಿ. ಗಣಿತದ ಪುಸ್ತಕದ ರೇಖೆಯಲ್ಲಿ −1 ಮತ್ತು 1ರ ನಡುವೆ ಸೊನ್ನೆ ಇದೆ. ಇತಿಹಾಸದ ರೇಖೆಯಲ್ಲಿ ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1. ಸೊನ್ನೆಯ ವರ್ಷ ಅಂತ ಇಲ್ಲವೇ ಇಲ್ಲ. ಪೂರ್ಣಾಂಕಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಬಾದಾಮಿ ಶಾಸನದಿಂದಲೂ ಇನ್ನೊಂದು ಲೆಕ್ಕ ಹೊರಡುತ್ತದೆ. ಅದು ಮಂಗಳೇಶನ ಅಣ್ಣ, ಬಾದಾಮಿ ಚಾಲುಕ್ಯ ರಾಜ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ. ಹಾಗಾದರೆ ಪಟ್ಟಕ್ಕೆ ಬಂದದ್ದು ಯಾವಾಗ? 578ರಿಂದ 12 ಕಳೆದು 566 ಅಂತ ಎಲ್ಲರೂ ಬರೆಯುತ್ತಾರೆ. 12ನೇ ವರ್ಷ ಅಂದರೆ 11 ತುಂಬಿದೆ, 12 ತುಂಬಿಲ್ಲ. ಹಾಗಾಗಿ ಉತ್ತರ ಒಂದು ವರ್ಷ ಅಲ್ಲ, 566ರ ಕಾರ್ತಿಕದಿಂದ 567ರ ಕಾರ್ತಿಕದವರೆಗಿನ ಒಂದು ಅವಧಿ. ಪಠ್ಯದಲ್ಲಿ 566–67 ಅಂತ ಅಡ್ಡಗೆರೆ ಹಾಕಿ ಯಾಕೆ ಬರೆಯುತ್ತಾರೆ ಅಂತ ಆಗ ಮಕ್ಕಳಿಗೆ ಗೊತ್ತಾಗುತ್ತದೆ.

ಹಲ್ಮಿಡಿ ಶಾಸನ ತೆಗೆದುಕೊಳ್ಳಬಹುದಾ ಅಂತ ಕೇಳುವವರಿಗೆ: ಈ ಪ್ರಾಜೆಕ್ಟ್‌ಗೆ ಬೇಡ. ಅದರಲ್ಲಿ ವರ್ಷವೇ ಇಲ್ಲ. ಸುಮಾರು 450 ಅನ್ನುವುದು ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರು ನೋಡಿ ವಿದ್ವಾಂಸರು ಮಾಡಿದ ಅಂದಾಜು.

ಇಷ್ಟಾದ ಮೇಲೆ ಯಾರೂ ಕೇಳದ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಸಂವತ್ಸರ ಅರವತ್ತೇ ಯಾಕೆ? ಮತ್ತೆ ಉತ್ತರ ಭಾರತದ ಪಂಚಾಂಗದಲ್ಲಿ ಇದೇ ವರ್ಷಕ್ಕೆ ಬೇರೆ ಹೆಸರು ಯಾಕೆ?

ಇದರ ಹಿಂದೆ ಗುರುಗ್ರಹ ಇದೆ. ಗುರು ಒಂದು ಸುತ್ತು ಬರಲು ಸುಮಾರು 11.86 ವರ್ಷ ಬೇಕು. ಐದು ಸುತ್ತಿಗೆ ಅರವತ್ತರ ಹತ್ತಿರ ಬರುತ್ತದೆ. ಶನಿ ಸುಮಾರು 29.5 ವರ್ಷಕ್ಕೆ ಒಂದು ಸುತ್ತು. ಎರಡು ಸುತ್ತಿಗೆ ಅದೂ ಅಲ್ಲೇ ಬರುತ್ತದೆ. ಉತ್ತರದ ಪದ್ಧತಿಯಲ್ಲಿ ಗುರು ಒಂದು ರಾಶಿಯಲ್ಲಿ ಇರುವಷ್ಟು ಕಾಲ ಒಂದು ಸಂವತ್ಸರ. ಮಕ್ಕಳೇ ಲೆಕ್ಕ ಮಾಡಲಿ: 11.86ನ್ನು 365.25ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸುಮಾರು 361 ದಿನ. ಅದು ನಮ್ಮ ವರ್ಷಕ್ಕಿಂತ ನಾಲ್ಕು ದಿನ ಮತ್ತು ಇನ್ನೂ ಸ್ವಲ್ಪ ಚಿಕ್ಕದು. ಆ ನಾಲ್ಕು ದಿನ ಸೇರಿ ಸೇರಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಇಡೀ ಸಂವತ್ಸರ ಆಗುತ್ತದೆ. ಉತ್ತರದಲ್ಲಿ ಆಗ ಒಂದು ಹೆಸರು ಹಾರಿಸುತ್ತಾರೆ. ದಕ್ಷಿಣದಲ್ಲಿ ಸಾವಿರಕ್ಕೂ ಹೆಚ್ಚು ವರ್ಷದಿಂದ ಹಾರಿಸುವುದನ್ನು ಬಿಟ್ಟಿದ್ದೇವೆ. ಆದ್ದರಿಂದ ಇಬ್ಬರ ನಡುವೆ ಈಗ ಹದಿಮೂರರ ಆಸುಪಾಸು ಹೆಸರುಗಳ ಅಂತರ ಇದೆ.

ಇದರಿಂದ ನಿಮಗೆ ನೇರವಾಗಿ ಬೇಕಾದ ಒಂದು ಎಚ್ಚರಿಕೆ ಹುಟ್ಟುತ್ತದೆ. 12 ಕೂಡಿಸಿ 60ರಿಂದ ಭಾಗಿಸುವ ಲೆಕ್ಕವನ್ನು ಬಾದಾಮಿ ಚಾಲುಕ್ಯರ ಮತ್ತು ಮೊದಲ ರಾಷ್ಟ್ರಕೂಟರ ಶಾಸನಗಳಿಗೆ ಹಾಕಬೇಡಿ. ಆಗ ಗುರುವಿನ ಲೆಕ್ಕವೂ ನಡೆಯುತ್ತಿತ್ತು. ಕಲ್ಯಾಣ ಚಾಲುಕ್ಯರು, ಹೊಯ್ಸಳರು, ವಿಜಯನಗರದವರ ಶಾಸನ ಹಿಡಿದರೆ ಸಲೀಸು.

ಗದಗ, ಕೊಪ್ಪಳ, ಹಾವೇರಿ ಕಡೆಯ ಶಾಲೆಗಳಿಗೆ ಶಕ ವರ್ಷವೇ ಇಲ್ಲದ ಕಲ್ಲು ಸಿಗಬಹುದು. ಅಲ್ಲಿ ಚಾಲುಕ್ಯ ವಿಕ್ರಮ ವರ್ಷ ಅಂತಿರುತ್ತದೆ. ಆರನೇ ವಿಕ್ರಮಾದಿತ್ಯ ತನ್ನ ಹೆಸರಲ್ಲಿ ಶುರುಮಾಡಿದ ಎಣಿಕೆ ಅದು. ಮೊದಲ ವರ್ಷ 1076ರಲ್ಲಿ ಆರಂಭ. ಇಟಗಿಯ ಮಹಾದೇವ ದೇವಸ್ಥಾನದ ಶಾಸನ ಚಾಲುಕ್ಯ ವಿಕ್ರಮ ವರ್ಷ 37ರದು. ಕಾಲ 1112. 37ಕ್ಕೆ 1076 ಕೂಡಿಸಿದರೆ 1113 ಬರುತ್ತದೆ, ಕೂಡಿಸಬೇಕಾದದ್ದು 1075. ಯಾಕೆ ಅನ್ನುವುದನ್ನು ನೀವು ಹೇಳಬೇಡಿ. ಬಾದಾಮಿಯ 12ನೇ ವರ್ಷದ ಲೆಕ್ಕ ಮಾಡಿದ ಮಕ್ಕಳು ತಾವೇ ಹೇಳುತ್ತಾರೆ.