ಭಾನುವಾರ ಥೀಮ್ ಪಾರ್ಕಿಗೆ ಹೋಗುವವರು ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಬೇಕಾ?

ಓದುಗರ ಪ್ರಶ್ನೆ: ಮೇ ತಿಂಗಳ ಒಂದು ಭಾನುವಾರ ಬಿಡದಿಯ ವಂಡರ್‌ಲಾಗೆ ಹೋಗೋಣ ಅಂತಿದ್ದೇವೆ. ಒಟ್ಟು ಐದು ಜನ, ಅದರಲ್ಲಿ 9 ಮತ್ತು 13 ವರ್ಷದ ಇಬ್ಬರು ಮಕ್ಕಳು. ಹೆಚ್ಚು ದುಡ್ಡು ಕೊಟ್ಟು, ಬೇಗ ಸಾಗುವ ಬೇರೆ ಸಾಲಿನ ಫಾಸ್ಟ್‌ಟ್ರ್ಯಾಕ್ ತಗೊಂಡರೆ ನಿಜಕ್ಕೂ ಉಪಯೋಗ ಇದೆಯಾ? ತಗೊಳ್ಳದಿದ್ದರೆ ದಿನವೆಲ್ಲ ಕ್ಯೂನಲ್ಲೇ ಕಳೆದುಹೋಗುತ್ತಾ?

ಉತ್ತರ: ಮೇ ಭಾನುವಾರವೇ ಆಗಬೇಕೆಂದರೆ, ದೊಡ್ಡ ರೈಡ್‌ಗಳನ್ನು ಬಿಡದೆ ಹತ್ತುವವರಿಗೆ ಮಾತ್ರ ತಗೊಳ್ಳಿ. 9 ವರ್ಷದ ಮಗುವಿಗೆ ಬಹುಶಃ ಬೇಡ. ಅದೇ ಪ್ರವಾಸವನ್ನು ಜುಲೈ ತಿಂಗಳ ಒಂದು ಮಂಗಳವಾರಕ್ಕೆ ತಳ್ಳಲು ಸಾಧ್ಯವಿದ್ದರೆ ಯಾರಿಗೂ ಬೇಡ. ಯಾಕೆ ಹೀಗೆ ಅನ್ನುವುದು ತಿಳಿಯಬೇಕಾದರೆ ಕ್ಯೂ ಎಷ್ಟು ಉದ್ದ ಇದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತು, ಅದರ ತುದಿಯಲ್ಲಿರುವ ಪ್ಲಾಟ್‌ಫಾರ್ಮ್ ನೋಡಬೇಕು.

ಬೆಂಗಳೂರಿನ ಪಾರ್ಕಿನಲ್ಲಿರುವ ರೀಕಾಯ್ಲ್ ರೈಡನ್ನೇ ತೆಗೆದುಕೊಳ್ಳಿ. ಮುಂದಕ್ಕೆ ಓಡಿ, ತಲೆಕೆಳಗಾಗಿ ಸುತ್ತಿ, ಆಚೆ ತುದಿಯ ಏರು ಹತ್ತಿ, ಹೋದ ಹಳಿಯಲ್ಲೇ ಹಿಮ್ಮುಖವಾಗಿ ವಾಪಸ್ ಬರುವ ರೋಲರ್ ಕೋಸ್ಟರ್ ಅದು. ಈ ಬಗೆಯ ವಿನ್ಯಾಸಕ್ಕೆ ಬೂಮರಾಂಗ್ ಎನ್ನುತ್ತಾರೆ. ಬಂದ ದಾರಿಯಲ್ಲೇ ವಾಪಸ್ ಬರಬೇಕಾದ್ದರಿಂದ ಹಳಿಯ ಮೇಲೆ ಒಂದೇ ರೈಲು ಇರಲು ಸಾಧ್ಯ. ಜಗತ್ತಿನಾದ್ಯಂತ ಹೆಚ್ಚಾಗಿ ಕಾಣುವ ಬೂಮರಾಂಗ್‌ನಲ್ಲಿ ಏಳು ಬೋಗಿ, ಬೋಗಿಗೆ ನಾಲ್ಕರಂತೆ 28 ಸೀಟು. ಓಟಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಗಂಟೆಗೆ 760 ಜನರನ್ನು ಕೂರಿಸಬಹುದು ಎಂದು ಕಾಗದದ ಮೇಲಿರುತ್ತದೆ. ಆ ಲೆಕ್ಕ ಸರಿಹೋಗಬೇಕಾದರೆ ಎರಡು ಕಾಲು ನಿಮಿಷಕ್ಕೊಂದು ಸಲ ರೈಲು ಹೊರಡಬೇಕು. ಅಂದರೆ 28 ಜನ ಇಳಿದು, ಬೇರೆ 28 ಜನ ಹತ್ತಿ, ಎಲ್ಲರ ಭುಜದ ಮೇಲಿನ ಪಟ್ಟಿ ಕೆಳಗಿಳಿದು, ಅದನ್ನು ಸಿಬ್ಬಂದಿ ಎಳೆದು ನೋಡುವುದೆಲ್ಲ ಅರ್ಧ ನಿಮಿಷದೊಳಗೆ ಮುಗಿಯಬೇಕು. ರಜೆಯ ದಿನ ಕುಟುಂಬಗಳೇ ತುಂಬಿರುವ ಸಾಲಿನಲ್ಲಿ ಇದು ಆಗದ ಮಾತು.

ಯಾಕೆ ಆಗುವುದಿಲ್ಲ ಅನ್ನುವುದು ಐದು ನಿಮಿಷ ನಿಂತು ನೋಡಿದರೆ ಗೊತ್ತಾಗುತ್ತದೆ. ಒಬ್ಬರು ಸೀಟಿನಲ್ಲಿ ಕೂತ ಮೇಲೆ ಜೇಬಿನ ಮೊಬೈಲ್ ನೆನಪಾಗಿ, ಪಟ್ಟಿ ಎತ್ತಿಸಿ, ಎದ್ದು ಕಪಾಟಿನವರೆಗೆ ಹೋಗಿ ಬರುತ್ತಾರೆ. ಇನ್ನೊಬ್ಬರು ಕನ್ನಡಕ ತೆಗೆಯುವುದೋ ಬೇಡವೋ ಎಂದು ಕೇಳುತ್ತಾರೆ. ಚಪ್ಪಲಿ ಎಲ್ಲಿ ಬಿಡುವುದೆಂದು ಮತ್ತೊಬ್ಬರು ಹುಡುಕುತ್ತಾರೆ. ಎತ್ತರ ಸಾಲದ ಮಗುವನ್ನು ಕೊನೆಯ ಗೇಟಿನಲ್ಲಿ ತಡೆದರೆ ಅಪ್ಪ ಅಮ್ಮ ವಾದಕ್ಕೆ ನಿಲ್ಲುತ್ತಾರೆ. ಒಂದು ಪಟ್ಟಿ ಸರಿಯಾಗಿ ಬಿಗಿಯಾಗದಿದ್ದರೂ ರೈಲು ಹೊರಡುವಂತಿಲ್ಲ. ಹೀಗಾಗಿ ನಾಲ್ಕು ನಿಮಿಷಕ್ಕೊಂದು ಟ್ರಿಪ್ ಆದರೆ ಅದೇ ಒಳ್ಳೆಯ ಕೆಲಸ. ಗಂಟೆಗೆ 15 ಟ್ರಿಪ್, 28ರಂತೆ 420 ಜನ. ಎಲ್ಲ ಸೀಟೂ ತುಂಬುತ್ತವೆಯೇ? ಅದೂ ಇಲ್ಲ. ಸೀಟುಗಳು ಇರುವುದು ಜೋಡಿ ಜೋಡಿಯಾಗಿ. ಮೂರು ಜನರ, ಐದು ಜನರ ಗುಂಪು ಬಂದು ಬೇರೆಯವರ ಪಕ್ಕ ಕೂರಲು ಒಪ್ಪದಿದ್ದರೆ ಒಂದೊಂದು ಸೀಟು ಖಾಲಿಯೇ ಓಡುತ್ತದೆ. ಟ್ರಿಪ್ಪಿಗೆ ಆರು ಸೀಟು ಹೀಗೆ ಹಾಳಾದರೆ ಗಂಟೆಗೆ 330 ಜನ ಮಾತ್ರ.

ಈಗ ನಿಮ್ಮ ಮುಂದೆ 300 ಜನ ಇದ್ದಾರೆ ಎಂದಿಟ್ಟುಕೊಳ್ಳಿ. 420ರ ವೇಗದಲ್ಲಿ ನಿಮ್ಮ ಸರದಿ 43 ನಿಮಿಷಕ್ಕೆ ಬರುತ್ತದೆ. 330ರ ವೇಗದಲ್ಲಿ 55 ನಿಮಿಷ. ಇಲ್ಲಿಗೆ ಫಾಸ್ಟ್‌ಟ್ರ್ಯಾಕ್ ಸೇರಿಸಿ: ತುಂಬುವ 22 ಸೀಟಿನಲ್ಲಿ 8 ಆ ಸಾಲಿನವರಿಗೆ ಹೋದರೆ ಸಾಮಾನ್ಯ ಸಾಲಿಗೆ ಟ್ರಿಪ್ಪಿಗೆ 14, ಗಂಟೆಗೆ 210 ಸೀಟು ಉಳಿಯುತ್ತದೆ. ಅದೇ 300 ಜನರ ಹಿಂದೆ ನಿಂತವರು 86 ನಿಮಿಷ ಕಾಯಬೇಕು. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಯಾವುದೇ ಒಂದು ದಿನದ ದಾಖಲೆಯಲ್ಲ. ಆದರೆ ಎಲ್ಲ ಪಾರ್ಕಿನಲ್ಲೂ ನಡೆಯುವುದು ಇದೇ. ಫಾಸ್ಟ್‌ಟ್ರ್ಯಾಕ್ ಹೊಸ ಸೀಟು ಹುಟ್ಟಿಸುವುದಿಲ್ಲ, ಇರುವ ಸೀಟನ್ನೇ ಬೇರೆ ರೀತಿ ಹಂಚುತ್ತದೆ. ಎರಡು ಸಾಲೂ ಸೇರುವ ಜಾಗ ಪ್ಲಾಟ್‌ಫಾರ್ಮ್ ಹತ್ತಿರ ಇರುವುದರಿಂದ, ಅಲ್ಲಿಯವರೆಗೆ ಚೆನ್ನಾಗಿ ಬಂದ ಸಾಲು ಕೊನೆಯ ಇಪ್ಪತ್ತು ಅಡಿಯಲ್ಲಿ ನಿಂತುಬಿಟ್ಟಂತೆ ಕಾಣುತ್ತದೆ.

ಹಾಗಾದರೆ ಪಾರ್ಕಿನವರು ಇದನ್ನು ಮಾರುವುದೇಕೆ? ಒಂದೇ ಟಿಕೆಟ್ಟಿಗೆ ಎಲ್ಲ ರೈಡ್ ಎನ್ನುವ ಪದ್ಧತಿಯಲ್ಲೇ ಅದರ ಬೇರಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾದಾಗ ಪ್ರವೇಶಕ್ಕೆ ಬೇರೆ, ರೈಡಿಗೆ ಬೇರೆ ದುಡ್ಡು ಇತ್ತು. ಮುಂದೆ ಎ, ಬಿ, ಸಿ ಎಂದು ದರ್ಜೆ ಮಾಡಿದ ಕೂಪನ್ ಪುಸ್ತಕ ಬಂತು, 1959ರಲ್ಲಿ ಎಲ್ಲಕ್ಕಿಂತ ಬೇಡಿಕೆಯ ರೈಡ್‌ಗಳಿಗೆಂದು ಇ ಕೂಪನ್ ಸೇರಿತು. ಒಳ್ಳೆಯ ರೈಡಿಗೆ ದುಬಾರಿ ಕೂಪನ್ ಬೇಕಾದಾಗ ಜನ ತಾವಾಗಿಯೇ ಹಂಚಿಹೋಗುತ್ತಾರೆ. 1982ರಲ್ಲಿ ಕೂಪನ್ ನಿಂತು ಒಂದೇ ಟಿಕೆಟ್ ಆಯಿತು. ಆಮೇಲೆ ದೊಡ್ಡ ರೈಡಿಗೂ ಸಣ್ಣ ರೈಡಿಗೂ ವ್ಯತ್ಯಾಸ ಉಳಿದದ್ದು ಕಾಯುವ ಸಮಯದಲ್ಲಿ ಮಾತ್ರ. 1999ರಲ್ಲಿ ಡಿಸ್ನಿಯವರು, ಸಮಯ ಕಾದಿರಿಸಿ ಆಮೇಲೆ ಬಂದು ಹತ್ತುವ ಫಾಸ್ಟ್‌ಪಾಸ್ ತಂದಾಗ ಅದಕ್ಕೆ ದುಡ್ಡಿರಲಿಲ್ಲ. ಸಾಲಿನಲ್ಲಿ ನಿಂತವರು ಏನನ್ನೂ ಕೊಳ್ಳುವುದಿಲ್ಲ, ಸಾಲಿನಿಂದ ಹೊರಗಿದ್ದರೆ ಅಂಗಡಿಗೋ ಹೋಟೆಲಿಗೋ ಹೋಗುತ್ತಾರೆ ಎಂಬುದೂ ಆ ಲೆಕ್ಕದಲ್ಲಿತ್ತು. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಪಡೆಯುವ ಜೀನಿ ಪ್ಲಸ್ ಬಂತು, 2024ರಲ್ಲಿ ಹೆಸರು ಬದಲಾಗಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ನಮ್ಮ ಕಡೆ ಉಚಿತ ಘಟ್ಟವೇ ಇರಲಿಲ್ಲ, ನೇರವಾಗಿ ದುಡ್ಡಿನ ಸಾಲೇ ಬಂತು.

ಇದರಲ್ಲಿ ಪಾರ್ಕಿನವರು ಪ್ರಾಮಾಣಿಕವಾಗಿರಬೇಕಾದ ಜಾಗ ಒಂದೇ: ದಿನಕ್ಕೆ ಎಷ್ಟು ಫಾಸ್ಟ್‌ಟ್ರ್ಯಾಕ್ ಪಾಸ್ ಮಾರುತ್ತೇವೆ ಎನ್ನುವ ಮಿತಿ. ಮಿತಿಯಿಲ್ಲದೆ ಮಾರಿದರೆ ವೇಗದ ಸಾಲೇ ಉದ್ದವಾಗುತ್ತದೆ. ಆಗ ದುಡ್ಡು ಕೊಟ್ಟವರಿಗೂ ಮೋಸ, ಕೊಡದವರಿಗೂ ಅನ್ಯಾಯ. ಮಿತಿ ಇಟ್ಟು, ಸೇರುವ ಜಾಗದಲ್ಲಿ ಟ್ರಿಪ್ಪಿಗೆ ಇಷ್ಟೇ ಸೀಟು ಎಂದು ಗಟ್ಟಿಯಾಗಿ ನಿಂತರೆ ಎರಡೂ ಕಡೆಯವರು ಸಹಿಸಿಕೊಳ್ಳುವಂಥ ವ್ಯವಸ್ಥೆ ಆಗುತ್ತದೆ. ಪ್ಲಾಟ್‌ಫಾರ್ಮಿಗೆ ಇಬ್ಬರು ಸಿಬ್ಬಂದಿ ಹೆಚ್ಚು ಹಾಕಿ ಒಬ್ಬರು ಸಾಲಿನಲ್ಲೇ ಎತ್ತರ ಅಳೆದು, ಇನ್ನೊಬ್ಬರು ಗುಂಪುಗಳನ್ನು ಜೋಡಿ ಮಾಡಿ ನಿಲ್ಲಿಸಿದರೆ ಹೊಸ ರೈಡ್ ಕಟ್ಟಿದಷ್ಟೇ ಲಾಭವಿದೆ. ಮೇಲಿನ ಲೆಕ್ಕದಲ್ಲಿ 330 ಇದ್ದದ್ದು 420 ಆಗುವುದು ಇಷ್ಟರಿಂದಲೇ.

ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 140 ಸೆಂಟಿಮೀಟರ್ ದಾಟಿದವರಿಗೆ ದೊಡ್ಡವರ ಟಿಕೆಟ್, ಅದಕ್ಕಿಂತ ಕಮ್ಮಿ ಇದ್ದರೆ ಮಕ್ಕಳದು. ಹೊರಡುವ ಹಿಂದಿನ ದಿನ ಇಬ್ಬರು ಮಕ್ಕಳನ್ನೂ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಒಂದು ಪುಸ್ತಕವನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಇಟ್ಟು, ಅದರ ತಳಕ್ಕೆ ಪೆನ್ಸಿಲ್ ಗೆರೆ ಹಾಕಿ ಟೇಪಿನಲ್ಲಿ ಅಳೆಯಿರಿ. ಪಾರ್ಕಿನ ಜಾಲತಾಣದಲ್ಲಿ ಪ್ರತಿ ರೈಡಿನ ಎತ್ತರದ ನಿಯಮ ನೋಡಿ, ಪಾಸ್ ಯಾವ ಯಾವ ರೈಡಿಗೆ ಅನ್ವಯಿಸುತ್ತದೆ ಎಂಬ ಪಟ್ಟಿಯ ಪಕ್ಕ ಇಟ್ಟುಕೊಳ್ಳಿ. ಸಣ್ಣ ಮಗು ಹತ್ತಲಾಗದ ರೈಡ್‌ಗಳೇ ಆ ಪಟ್ಟಿಯ ತುಂಬಾ ಇದ್ದರೆ ಅದಕ್ಕೆ ಪಾಸ್ ತೆಗೆದ ದುಡ್ಡು ನೀರಿನಲ್ಲಿ ಹೋಮ ಮಾಡಿದ ಹಾಗೆ. ಮಗುವಿನ ಜೊತೆ ಕೆಳಗೇ ಉಳಿಯುವ ಹಿರಿಯರಿಗೂ ಅದೇ ಮಾತು.

ಪಾಸಿಲ್ಲದೆ ಹೋದರೂ ದಿನ ಹಾಳಾಗಬೇಕಿಲ್ಲ. ಗೇಟು ತೆರೆದ ಕೂಡಲೇ ಎಲ್ಲರೂ ಎದುರಿಗೆ ಕಂಡ ಮೊದಲ ರೈಡಿಗೆ ನುಗ್ಗುತ್ತಾರೆ. ನೀವು ದೂರದಲ್ಲಿರುವ ದೊಡ್ಡ ರೈಡಿಗೆ ನಡೆಯಿರಿ. ಮೊದಲ ಒಂದು ಗಂಟೆಯಲ್ಲಿ ಎರಡು ಮೂರು ದೊಡ್ಡ ರೈಡ್ ಮುಗಿಸಿಕೊಂಡರೆ ಪಾಸಿನ ಅರ್ಧ ಲಾಭ ಅಲ್ಲೇ ಸಿಕ್ಕಿತು. ಇದಕ್ಕೆ ಗೇಟು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೋಗೆ ಅವಕಾಶವಿಲ್ಲ, ಸರ್ವೀಸ್ ರಸ್ತೆಯಲ್ಲಿ ಬರುವವರು ಅಷ್ಟು ಸಮಯ ಹೆಚ್ಚು ಇಟ್ಟುಕೊಳ್ಳಿ. ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟಕ್ಕೇ ನಿಲ್ಲುತ್ತದೆ, ಅಲ್ಲಿಂದಾಚೆಗೆ ಬೇರೆ ಗಾಡಿ ಬೇಕು. ಬಿಡದಿಯಲ್ಲಿ ಬೆಳಗ್ಗೆ ಎರಡು ತಟ್ಟೆ ಇಡ್ಲಿ ಗಟ್ಟಿಯಾಗಿ ತಿಂದರೆ ಮಧ್ಯಾಹ್ನದ ಊಟವನ್ನು ಎರಡೂವರೆಗೆ ತಳ್ಳಬಹುದು. ಎಲ್ಲರೂ ಒಂದರಿಂದ ಎರಡರವರೆಗೆ ಊಟದ ಕೌಂಟರಿನಲ್ಲಿ ನಿಂತಿರುವಾಗ ರೈಡಿನ ಸಾಲು ಇಳಿಯುತ್ತದೆ.

ನೀರಿನ ವಿಭಾಗದಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. ಜಾರುಬಂಡಿಯಲ್ಲಿ ಒಬ್ಬರು ಕೆಳಗಿನ ಕೊಳದಿಂದ ಎದ್ದು ಹೋಗುವವರೆಗೆ ಮೇಲಿನವರನ್ನು ಬಿಡುವಂತಿಲ್ಲ. ಅರ್ಧ ನಿಮಿಷಕ್ಕೊಬ್ಬರಂತೆ ಗಂಟೆಗೆ 120 ಜನ. ಮೆಟ್ಟಿಲಿನ ಮೇಲೆ ಅರವತ್ತೇ ಜನ ಇದ್ದರೂ ಅರ್ಧ ಗಂಟೆ ಆಯಿತು. ಅಲೆಗಳ ಕೊಳಕ್ಕೆ ಸಾಲೇ ಇಲ್ಲ. ಹತ್ತಿ ಬಟ್ಟೆ ಬಿಡುವುದಿಲ್ಲ. ಅದರ ಎಳೆ ಬಿಟ್ಟು ನೀರು ಸೋಸುವ ಫಿಲ್ಟರಿಗೆ ಸೇರುತ್ತದೆ, ನೆನೆದರೆ ಭಾರವಾಗಿ ಜಾರುವಾಗ ಕಚ್ಚಿಕೊಳ್ಳುತ್ತದೆ. ನೈಲಾನ್ ಬಟ್ಟೆ ಮನೆಯಿಂದಲೇ ತನ್ನಿ. ಒಣ ರೈಡ್‌ಗಳನ್ನು ಮೊದಲು ಮುಗಿಸಿ ಆಮೇಲೆ ಬಟ್ಟೆ ಬದಲಿಸಿದರೆ ಲಾಕರಿಗೆ ಎರಡೆರಡು ಸಲ ಓಡುವುದು ತಪ್ಪುತ್ತದೆ.

ವಾರದ ದಿನ ಖಾಲಿ ಎಂಬ ನಂಬಿಕೆಗೂ ಒಂದು ಎಚ್ಚರಿಕೆ. ನವೆಂಬರ್, ಡಿಸೆಂಬರ್‌ನಲ್ಲಿ ಜಿಲ್ಲೆಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಬರುವುದು ವಾರದ ದಿನಗಳಲ್ಲೇ. ಐವತ್ತು ಮಕ್ಕಳು ಒಟ್ಟಿಗೆ ಒಂದೇ ರೈಡಿಗೆ ಬಂದು ನಿಲ್ಲುತ್ತಾರೆ, ಗಂಟೆಯಾದ ಮೇಲೆ ಒಟ್ಟಿಗೇ ಹೋಗುತ್ತಾರೆ. ಅವರ ಹಿಂದೆ ನಿಲ್ಲಬೇಡಿ, ಅವರು ಬಿಟ್ಟುಬಂದ ರೈಡಿಗೆ ಹೋಗಿ. ಇನ್ನೊಂದು, ಎರಡು ಮೂರು ರೈಲು ಓಡಿಸಬಹುದಾದ ಕೋಸ್ಟರ್‌ಗಳಲ್ಲಿ ಜನ ಕಮ್ಮಿ ಇರುವ ದಿನ ಪಾರ್ಕಿನವರು ಒಂದೇ ರೈಲು ಬಿಡುವುದುಂಟು. ಚಕ್ರದ ಸವೆತ, ಸಿಬ್ಬಂದಿಯ ಖರ್ಚು ಎರಡೂ ಉಳಿಯುತ್ತದೆ. ಸಾಲು ಅರ್ಧ ಇದ್ದರೂ ಕಾಯುವುದು ಅಷ್ಟೇ ಆಗುವುದು ಹೀಗೆ.

ಪಾಸ್ ಬೇಕೋ ಬೇಡವೋ ಎಂಬ ಅನುಮಾನ ಉಳಿದರೆ ಸ್ಥಳದಲ್ಲೇ ಅಳೆಯಬಹುದು. ರೈಲು ಹೊರಟ ಕ್ಷಣ ಗಡಿಯಾರ ನೋಡಿ, ಮುಂದಿನದು ಹೊರಡುವವರೆಗೆ ಎಷ್ಟು ನಿಮಿಷ ಎಂದು ಗುರುತಿಸಿ. ಆ ಟ್ರಿಪ್ಪಿನಲ್ಲಿ ಸಾಮಾನ್ಯ ಸಾಲಿನಿಂದ ಎಷ್ಟು ಜನ ಹತ್ತಿದರು ಎಣಿಸಿ. ಅಂಕುಡೊಂಕಿನ ಕಂಬಿಗಳ ನಡುವೆ ಒಂದು ಸಾಲಿನಲ್ಲಿರುವವರನ್ನು ಎಣಿಸಿ ಸಾಲುಗಳ ಸಂಖ್ಯೆಯಿಂದ ಗುಣಿಸಿ. ಒಟ್ಟು ಜನರನ್ನು ಟ್ರಿಪ್ಪಿಗೆ ಹತ್ತಿದವರಿಂದ ಭಾಗಿಸಿ, ನಿಮಿಷದಿಂದ ಗುಣಿಸಿದರೆ ನಿಮ್ಮ ಕಾಯುವಿಕೆ ಸಿಗುತ್ತದೆ. ಮೂರು ದೊಡ್ಡ ರೈಡಿನಲ್ಲೂ ಅದು 45 ನಿಮಿಷ ದಾಟಿದರೆ ಪಾಸ್ ತಗೊಳ್ಳುವುದರಲ್ಲಿ ಅರ್ಥವಿದೆ, 20ರ ಒಳಗಿದ್ದರೆ ಇಲ್ಲ. ಒಳಗೆ ಹೋದ ಮೇಲೂ ಪಾಸ್ ಸಿಗುತ್ತದೆಯೇ ಎಂದು ಬೆಳಗ್ಗೆ ಟಿಕೆಟ್ ಕೌಂಟರಿನಲ್ಲೇ ಕೇಳಿಟ್ಟುಕೊಳ್ಳಿ.

ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಸಂಜೆ ನಾಲ್ಕರ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ, ಮಿಂಚು ಕಂಡರೆ ಎತ್ತರದ ರೈಡ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ಪಾಸಿದ್ದವರಿಗೂ ಆಗ ದಾರಿಯಿಲ್ಲ, ಹಾಗಾಗಿ ದುಡ್ಡು ವಾಪಸಿನ ನಿಯಮ ಮೊದಲೇ ಓದಿಕೊಳ್ಳಿ, ಎತ್ತರದವನ್ನು ಮೂರು ಗಂಟೆಯೊಳಗೆ ಮುಗಿಸಿ. ಮಳೆ ನಿಂತ ಮೇಲೆ ಒಂದು ಕೋಸ್ಟರಿನ ಖಾಲಿ ರೈಲು ಒಂದೆರಡು ಸುತ್ತು ಓಡುವುದು ಕಂಡರೆ ಅದು ಮತ್ತೆ ಶುರು ಮಾಡುವ ಮೊದಲಿನ ಪರೀಕ್ಷೆ. ಸಾಲಿನವರೆಲ್ಲ ಚದುರಿಹೋಗಿರುತ್ತಾರೆ, ಆಗಲೇ ಹೋಗಿ ಗೇಟಿನ ಬಳಿ ನಿಂತುಕೊಳ್ಳಿ.